ಹಾರುವವನನ್ನು ನಂಬಿದರು, ಮಗನನ್ನು ನಂಬಲಿಲ್ಲ



ಆಕಾಶದಲ್ಲಿ ಹಾರುವ, ಕಣ್ಣಿನಿಂದ ಬೆಂಕಿ ಕಾರುವ, ಸಮುದ್ರದಾಚೆಯ ಕೂಗನ್ನು ಕೇಳಿಸಿಕೊಳ್ಳುವ ಒಬ್ಬ ಮನುಷ್ಯನನ್ನು ಜನ ಎಂಟು ದಶಕಗಳಿಂದ ತಕರಾರಿಲ್ಲದೆ ನಂಬುತ್ತ ಬಂದಿದ್ದಾರೆ. ಅದೇ ಜನ 2016ರಲ್ಲಿ ಅವನ ಒಂದು ದೃಶ್ಯಕ್ಕೆ ನಕ್ಕುಬಿಟ್ಟರು. ಆ ದೃಶ್ಯದಲ್ಲಿ ಯಾರೂ ಹಾರುವುದಿಲ್ಲ, ಬೆಟ್ಟ ಎತ್ತುವುದಿಲ್ಲ. ಒಬ್ಬ ನೆಲಕ್ಕೆ ಬಿದ್ದಿದ್ದಾನೆ, ಇನ್ನೊಬ್ಬ ಅವನ ಕುತ್ತಿಗೆಯ ಮೇಲೆ ಕಾಲಿಟ್ಟು ಈಟಿ ಎತ್ತಿದ್ದಾನೆ. ಬಿದ್ದವನು ಒಂದು ಹೆಸರು ಹೇಳುತ್ತಾನೆ: ಮಾರ್ಥಾ. ಎತ್ತಿದ ಈಟಿ ಅಲ್ಲೇ ನಿಲ್ಲುತ್ತದೆ. ಯಾಕೆಂದರೆ ಬಿದ್ದವನ ತಾಯಿಯ ಹೆಸರೂ ಮಾರ್ಥಾ, ಈಟಿ ಹಿಡಿದವನ ತಾಯಿಯ ಹೆಸರೂ ಮಾರ್ಥಾ. ಕೆಲವೇ ನಿಮಿಷಗಳಲ್ಲಿ ಇಬ್ಬರೂ ಒಂದೇ ಪಕ್ಷ.

ಚಿತ್ರದ ಹೆಸರು ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್: ಡಾನ್ ಆಫ್ ಜಸ್ಟಿಸ್’. 2016ರ ಮಾರ್ಚ್ 25ರಂದು ಅಮೆರಿಕದಲ್ಲಿ ತೆರೆಕಂಡಿತು. ನಿರ್ದೇಶಕ ಜ್ಯಾಕ್ ಸ್ನೈಡರ್. ಬರೆದವರು ಡೇವಿಡ್ ಎಸ್. ಗೋಯರ್ ಮತ್ತು ಕ್ರಿಸ್ ಟೆರಿಯೊ. 1938ರಲ್ಲಿ ಕಾಮಿಕ್ಸ್ ಪುಟದಲ್ಲಿ ಹುಟ್ಟಿದ ಸೂಪರ್‌ಮ್ಯಾನ್‌ನನ್ನೂ 1939ರಲ್ಲಿ ಹುಟ್ಟಿದ ಬ್ಯಾಟ್‌ಮ್ಯಾನ್‌ನನ್ನೂ ಎದುರುಬದುರು ನಿಲ್ಲಿಸುವ ಈ ಚಿತ್ರಕ್ಕಾಗಿ ಅಭಿಮಾನಿಗಳು ವರ್ಷಗಟ್ಟಲೆ ಕಾದಿದ್ದರು. ಮೊದಲ ವಾರಾಂತ್ಯದಲ್ಲಿ ಅಮೆರಿಕ ಮತ್ತು ಕೆನಡಾದಿಂದಲೇ ಸುಮಾರು 16.6 ಕೋಟಿ ಡಾಲರ್ ಬಂತು. ಎರಡನೆಯ ವಾರಾಂತ್ಯಕ್ಕೆ ಅದರ ಮೂರನೇ ಒಂದು ಪಾಲೂ ಉಳಿಯಲಿಲ್ಲ. ನೋಡಿ ಬಂದವರು ಮಿಕ್ಕವರಿಗೆ ಏನು ಹೇಳಿದ್ದರು ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. ಜಗತ್ತಿನಾದ್ಯಂತ ಒಟ್ಟು ಗಳಿಕೆ ಸುಮಾರು 87 ಕೋಟಿ ಡಾಲರ್ ತಲುಪಿತು, ನಿಜ. ಆದರೆ ಮರುವರ್ಷ, ಅತಿ ಕೆಟ್ಟ ಚಿತ್ರಗಳನ್ನು ಗೇಲಿ ಮಾಡುವ ರ‍್ಯಾಜಿ ಪ್ರಶಸ್ತಿಗಳಲ್ಲಿ ನಾಲ್ಕು ಇದರ ಪಾಲಾದವು. ಅವುಗಳಲ್ಲಿ ಒಂದು ಅತಿ ಕೆಟ್ಟ ಚಿತ್ರಕಥೆಗೆ. ಅದನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಟೆರಿಯೊ, ಬೆನ್ ಅಫ್ಲೆಕ್ ನಿರ್ದೇಶಿಸಿದ ‘ಆರ್ಗೊ’ ಚಿತ್ರಕ್ಕೆ ಆಸ್ಕರ್ ಗೆದ್ದಿದ್ದವರು! ಬರೆಯಲು ಬಾರದವರ ಕೈಗೆ ಕೆಲಸ ಸಿಕ್ಕಿತ್ತು ಎಂದು ಹೇಳಿ ಮುಗಿಸುವ ಹಾಗಿಲ್ಲ.

ಹಾಗಾದರೆ ಆದದ್ದೇನು?

ಕಥೆಯಲ್ಲಿ ತೂತು ಎನ್ನುವಾಗ ಜನ ಸಾಮಾನ್ಯವಾಗಿ ‘ಲಾಜಿಕ್ ಇಲ್ಲ’ ಎನ್ನುತ್ತಾರೆ. ಹಾರುವ ಮನುಷ್ಯನ ಕಥೆಯಲ್ಲಿ ಲಾಜಿಕ್ ಹುಡುಕುವುದೇ ಮೂರ್ಖತನ ಎಂದು ಮೂಗು ಮುರಿಯುವವರೂ ಇದ್ದಾರೆ. ಇಬ್ಬರ ಮಾತೂ ಅರ್ಧ ಸರಿ. ಅದ್ಭುತ ಕಥೆಗೆ ನಮ್ಮ ಲೋಕದ ನಿಯಮ ಬೇಡ, ಆದರೆ ತನ್ನದೇ ಆದ ನಿಯಮ ಬೇಕೇ ಬೇಕು. ಹಿರಣ್ಯಕಶಿಪುವಿನ ಕಥೆ ಕೇಳುವ ಪುಟ್ಟ ಮಗುವಿಗೂ ಇದು ಗೊತ್ತು. ಮನುಷ್ಯನಿಂದಲೂ ಮೃಗದಿಂದಲೂ ಸಾವಿಲ್ಲ, ಹಗಲೂ ಅಲ್ಲ ಇರುಳೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ, ನೆಲದಲ್ಲೂ ಅಲ್ಲ ಆಕಾಶದಲ್ಲೂ ಅಲ್ಲ ಎಂದು ವರ ಕೊಟ್ಟಾಯಿತು. ಕೊನೆಗೆ ಕಂಬ ಒಡೆದು ಬಂದ ನರಸಿಂಹ ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ, ತೊಡೆಯ ಮೇಲೆ ಮಲಗಿಸಿಕೊಂಡು ಉಗುರಿನಿಂದ ಬಗೆಯುತ್ತಾನೆ. ಒಂದು ಷರತ್ತನ್ನೂ ಮುರಿದಿಲ್ಲ. ಕಂಬದಿಂದ ಸಿಂಹಮುಖದ ದೇವರು ಬಂದದ್ದು ಹೇಗೆ ಎಂದು ಯಾವ ಮಗುವೂ ಕೇಳುವುದಿಲ್ಲ. ಅದೇ ನರಸಿಂಹ ಮಟಮಟ ಮಧ್ಯಾಹ್ನ ಬಂದು ಕೊಂದಿದ್ದರೆ ಮಗು ಕಥೆ ಹೇಳಿದ ಅಜ್ಜಿಗೆ ಆ ರಾತ್ರಿ ನಿದ್ದೆ ಮಾಡಲು ಬಿಡುತ್ತಿರಲಿಲ್ಲ.

ಈ ಅಳತೆಗೋಲು ಹಿಡಿದು ಸ್ನೈಡರ್ ಚಿತ್ರದ ಕಥೆಗೆ ಹೋಗಬಹುದು.

2013ರ ‘ಮ್ಯಾನ್ ಆಫ್ ಸ್ಟೀಲ್’ ಚಿತ್ರದ ಕೊನೆಯಲ್ಲಿ ಸೂಪರ್‌ಮ್ಯಾನ್ ಮತ್ತು ಜನರಲ್ ಜಾಡ್ ನಡುವಿನ ಕಾಳಗದಲ್ಲಿ ಮೆಟ್ರೊಪೊಲಿಸ್ ನಗರ ಪುಡಿಯಾಗಿತ್ತು. ಹೊಸ ಚಿತ್ರದ ಮುಖ್ಯ ಕಥೆ ಆ ಧೂಳಿನಿಂದಲೇ ಶುರುವಾಗುತ್ತದೆ. ಕೋಟ್ಯಧಿಪತಿ ಬ್ರೂಸ್ ವೇಯ್ನ್, ಅಂದರೆ ಬ್ಯಾಟ್‌ಮ್ಯಾನ್, ಕೆಳಗಿನ ಬೀದಿಯಲ್ಲಿ ನಿಂತು ತನ್ನ ಸಂಸ್ಥೆಯ ಕಟ್ಟಡ ಕುಸಿಯುವುದನ್ನು ನೋಡುತ್ತಾನೆ. ಅವನ ನೌಕರ ವಾಲೇಸ್ ಕೀಫ್ ಕಾಲು ಕಳೆದುಕೊಳ್ಳುತ್ತಾನೆ. ಹಿಂದಿನ ಚಿತ್ರದ ಆ ಯುದ್ಧವನ್ನು ನೆಲದಲ್ಲಿ ನಿಂತವನ ಕಣ್ಣಿನಿಂದ ಮತ್ತೆ ತೋರಿಸುವ ಈ ಆರಂಭ ನಿಜಕ್ಕೂ ಒಳ್ಳೆಯ ಬರವಣಿಗೆ. ಬ್ರೂಸ್‌ನ ಸಿಟ್ಟು ಎಲ್ಲಿಂದ ಬಂತು ಎಂಬುದಕ್ಕೆ ಒಂದು ಮಾತಿನ ವಿವರಣೆಯೂ ಬೇಕಾಗುವುದಿಲ್ಲ. ಅಲ್ಲಿಂದ ಮುಂದೆ ಖಳನಾಯಕ ಲೆಕ್ಸ್ ಲೂಥರ್ ಇಬ್ಬರ ನಡುವೆ ಬೆಂಕಿ ಹಚ್ಚುತ್ತ ಹೋಗುತ್ತಾನೆ. ತೂತುಗಳೂ ಅಲ್ಲಿಂದಲೇ ಶುರು. ಅವೆಲ್ಲ ಒಂದೇ ಜಾತಿಯವಲ್ಲ.

ಮೊದಲನೆಯ ಜಾತಿ ಕತ್ತರಿಯಿಂದ ಬಿದ್ದ ತೂತು.

ಆಫ್ರಿಕಾದ ಒಂದು ಕಾಲ್ಪನಿಕ ದೇಶದಲ್ಲಿ ಪತ್ರಕರ್ತೆ ಲೋಯಿಸ್ ಲೇನ್ ಒಬ್ಬ ಬಂಡುಕೋರ ನಾಯಕನ ಸಂದರ್ಶನಕ್ಕೆ ಹೋಗಿ ಸಿಕ್ಕಿಬೀಳುತ್ತಾಳೆ. ಸೂಪರ್‌ಮ್ಯಾನ್ ಹಾರಿ ಬಂದು ಬಿಡಿಸುತ್ತಾನೆ. ಅಷ್ಟರಲ್ಲಿ ಲೆಕ್ಸ್‌ನ ಬಾಡಿಗೆ ಬಂಟರು ಅಲ್ಲಿನವರನ್ನು ಗುಂಡಿಟ್ಟು ಕೊಂದಿದ್ದಾರೆ. ಮುಂದೆ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಈ ಸಾವುಗಳಿಗೆ ಸೂಪರ್‌ಮ್ಯಾನೇ ಕಾರಣ ಎಂಬ ದೂರು ಬರುತ್ತದೆ. ಚಿತ್ರಮಂದಿರದಲ್ಲಿ ಕೂತವನಿಗೆ ಸಹಜವಾಗಿ ಏಳುವ ಪ್ರಶ್ನೆ: ಕಣ್ಣಿನಲ್ಲೇ ಬೆಂಕಿ ಇರುವವನು ಬಂದೂಕು ಹಿಡಿದನೇ? ಗುಂಡೇಟಿನ ಹೆಣಗಳನ್ನು ಅವನ ತಲೆಗೆ ಕಟ್ಟುವುದಾದರೂ ಹೇಗೆ? ಲೋಯಿಸ್ ಮುಕ್ಕಾಲು ಚಿತ್ರದುದ್ದಕ್ಕೂ ಒಂದು ವಿಚಿತ್ರ ಗುಂಡಿನ ಮೂಲ ಹುಡುಕುತ್ತ ಅಲೆಯುತ್ತಾಳೆ. ಆ ಹುಡುಕಾಟ ಯಾಕೆ ಅಷ್ಟು ಮುಖ್ಯ ಎಂಬುದೇ ಮಸುಕಾಗಿಬಿಡುತ್ತದೆ.

ಉತ್ತರ ಬರೆದಿರಲಿಲ್ಲವೇ? ಬರೆದಿದ್ದರು, ಚಿತ್ರೀಕರಿಸಿಯೂ ಇದ್ದರು. ಚಿತ್ರಮಂದಿರಕ್ಕೆ ಬಂದ ಪ್ರತಿ 151 ನಿಮಿಷದ್ದು. ಅದೇ ವರ್ಷ ಮನೆಯಲ್ಲಿ ನೋಡಲು ‘ಅಲ್ಟಿಮೇಟ್ ಎಡಿಷನ್’ ಎಂಬ 182 ನಿಮಿಷದ ಪ್ರತಿ ಬಿಡುಗಡೆಯಾಯಿತು. ಅದರಲ್ಲಿ ಬಂಟರು ಹೆಣಗಳನ್ನು ಬೆಂಕಿಯುಗುಳುವ ಯಂತ್ರದಿಂದ ಸುಡುತ್ತಾರೆ, ನೋಡಿದವರು ಸೂಪರ್‌ಮ್ಯಾನ್ ಕಣ್ಣಿನ ಬೆಂಕಿ ಎಂದುಕೊಳ್ಳಲಿ ಎಂದು. ದೂರು ಕೊಟ್ಟ ಹೆಂಗಸು ಮುಂದೆ ಸೆನೆಟರ್ ಎದುರು ತಾನು ಹೇಳಿದ್ದು ಸುಳ್ಳು, ಹೆದರಿಸಿ ಹೇಳಿಸಿದರು ಎಂದು ಒಪ್ಪಿಕೊಳ್ಳುತ್ತಾಳೆ. ಕೆಲವೇ ನಿಮಿಷಗಳ ಈ ದೃಶ್ಯಗಳು ಸೇರಿದ ಕೂಡಲೇ ಲೆಕ್ಸ್‌ನ ಸಂಚು ಸಂಚಿನಂತೆ ಕಾಣುತ್ತದೆ.

ಸಂಸತ್ ಭವನದ ಸ್ಫೋಟವೂ ಹೀಗೆಯೇ. ಸೂಪರ್‌ಮ್ಯಾನ್ ವಿಚಾರಣೆಗೆ ಬಂದು ನಿಂತಾಗ ವಾಲೇಸ್ ಕೀಫ್‌ನ ಗಾಲಿಕುರ್ಚಿಯಲ್ಲಿ ಅಡಗಿಸಿದ್ದ ಬಾಂಬ್ ಸಿಡಿಯುತ್ತದೆ. ಗೋಡೆಯಾಚೆ ನೋಡಬಲ್ಲವನಿಗೆ ಕೈಯಳತೆಯ ದೂರದ ಬಾಂಬ್ ಕಾಣಲಿಲ್ಲವೇ? ಚಿತ್ರಮಂದಿರದ ಪ್ರತಿಯಲ್ಲಿ ಅವನು, ತಾನು ನೋಡುತ್ತಿರಲಿಲ್ಲ, ಅದಕ್ಕೇ ಕಾಣಲಿಲ್ಲವೇನೋ ಎಂದು ಲೋಯಿಸ್ ಎದುರು ಹಳಹಳಿಸುತ್ತಾನೆ. ಉದ್ದನೆಯ ಪ್ರತಿಯಲ್ಲಿ ಒಬ್ಬ ವಿಜ್ಞಾನಿಯ ಪಾತ್ರ ಇದೆ. ಕುರ್ಚಿಗೆ ಒಳಗಿಂದ ಸೀಸದ ತಗಡು ಹೊದಿಸಿತ್ತು ಎಂದು ಆಕೆ ಹೇಳುತ್ತಾಳೆ. ಸೀಸದ ಆಚೆಗೆ ಸೂಪರ್‌ಮ್ಯಾನ್ ಕಣ್ಣು ಹಾಯುವುದಿಲ್ಲ ಎಂಬುದು ಕಾಮಿಕ್ಸ್ ಓದುಗರಿಗೆ ಬಹಳ ಹಿಂದಿನಿಂದ ಗೊತ್ತಿರುವ ನಿಯಮ. ಜೆನಾ ಮಲೋನ್ ನಟಿಸಿದ್ದ ಆ ಇಡೀ ಪಾತ್ರವೇ ಕತ್ತರಿಗೆ ಬಲಿಯಾಗಿತ್ತು. ಇನ್ನೂ ಒಂದು ನಷ್ಟ ಆಯಿತು. ಸ್ಫೋಟದ ನಂತರ ಸೂಪರ್‌ಮ್ಯಾನ್ ಗಾಯಾಳುಗಳನ್ನು ಹೊತ್ತು ತರುವ ದೃಶ್ಯ ಉದ್ದನೆಯ ಪ್ರತಿಯಲ್ಲಿದೆ. ಚಿಕ್ಕ ಪ್ರತಿಯಲ್ಲಿ ಬೆಂಕಿಯ ನಡುವೆ ದುಃಖದ ಮುಖ ಮಾಡಿ ನಿಂತವನು ಮಾಯವಾಗಿಬಿಡುತ್ತಾನೆ. ಇವನೆಂಥ ನಾಯಕ ಎಂದು ಪ್ರೇಕ್ಷಕ ಕೇಳಿದರೆ ತಪ್ಪು ಯಾರದು?

2021ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆಯ ಸಂದರ್ಶನದಲ್ಲಿ ಟೆರಿಯೊ ಈ ಕತ್ತರಿಯ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು. ಅರ್ಧ ಗಂಟೆ ಕಿತ್ತುಹಾಕಿದ್ದರಿಂದ ಕಥೆಗೆ ತಲೆಬುಡ ಇಲ್ಲದಂತಾಯಿತು ಎಂಬುದು ಅವರ ವಾದದ ಸಾರ. ಮೇಲಿನ ಉದಾಹರಣೆಗಳ ಮಟ್ಟಿಗೆ ಅವರ ಮಾತು ಒಪ್ಪಬೇಕಾದ್ದೇ. ಆದರೆ ಚಿತ್ರದ ಅತ್ಯಂತ ದೊಡ್ಡ ತೂತು 182 ನಿಮಿಷದ ಪ್ರತಿಯಲ್ಲೂ ಹಾಗೆಯೇ ಇದೆ. ಅದು ಎರಡನೆಯ ಜಾತಿಯದು.

ಲೆಕ್ಸ್ ಸೂಪರ್‌ಮ್ಯಾನ್‌ನ ಸಾಕುತಾಯಿ ಮಾರ್ಥಾ ಕೆಂಟ್‌ಳನ್ನು ಅಪಹರಿಸುತ್ತಾನೆ. ಒಂದು ಗಂಟೆಯೊಳಗೆ ಬ್ಯಾಟ್‌ಮ್ಯಾನ್‌ನ ತಲೆ ತಂದರೆ ತಾಯಿ ಉಳಿಯುತ್ತಾಳೆ ಎನ್ನುತ್ತಾನೆ. ಹಿಡಿದು ಬಾಯಿ ಬಿಡಿಸಿದರಾಯಿತಲ್ಲ ಎಂದು ಪ್ರೇಕ್ಷಕ ಯೋಚಿಸುವ ಮೊದಲೇ ಬರೆದವರು ಆ ಬಾಗಿಲು ಹಾಕಿದ್ದಾರೆ: ಆಕೆ ಎಲ್ಲಿದ್ದಾಳೆ ಎಂಬುದು ಲೆಕ್ಸ್‌ಗೂ ಗೊತ್ತಿಲ್ಲ, ತನಗೆ ಹೇಳಬೇಡಿ ಎಂದು ಬಂಟರಿಗೆ ಅವನೇ ಹೇಳಿದ್ದಾನೆ. ಇದು ಜಾಣತನ. ಆದರೆ ಇನ್ನೊಂದು ಬಾಗಿಲು ತೆರೆದೇ ಉಳಿಯಿತು. ಲೋಯಿಸ್ ಆಫ್ರಿಕಾದಲ್ಲಿ ಅಪಾಯಕ್ಕೆ ಸಿಕ್ಕರೆ ಅವನು ಬರುತ್ತಾನೆ, ಗೋಪುರದಿಂದ ಬಿದ್ದರೆ ಬರುತ್ತಾನೆ, ಕೊನೆಯಲ್ಲಿ ನೀರಿನಡಿ ಸಿಕ್ಕಿಕೊಂಡರೂ ಬರುತ್ತಾನೆ. ಕೊಲ್ಲಿಯಾಚೆಯ ಪಕ್ಕದ ನಗರದ ಗೋದಾಮಿನಲ್ಲಿ ಕಟ್ಟಿಹಾಕಿದ ತಾಯಿಯ ಉಸಿರು ಮಾತ್ರ ಅವನ ಕಿವಿಗೆ ಬೀಳುವುದಿಲ್ಲ. ಆಕೆಯ ಬಾಯಿ ಕಟ್ಟಿದ್ದರು ಎನ್ನಬಹುದು. ನೀರೊಳಗಿನ ಲೋಯಿಸ್ ಭಾಷಣ ಮಾಡುತ್ತಿರಲಿಲ್ಲವಲ್ಲ!

ಇರಲಿ, ಇದನ್ನೂ ಕ್ಷಮಿಸೋಣ. ಅವನು ಗಾಥಮ್ ನಗರಕ್ಕೆ ಹಾರುತ್ತಾನೆ. ಬ್ಯಾಟ್‌ಮ್ಯಾನ್ ಲೋಹದ ಕವಚ ತೊಟ್ಟು ಕಾದಿದ್ದಾನೆ. ಸೂಪರ್‌ಮ್ಯಾನ್ ಮಾತು ಶುರುಮಾಡುತ್ತಾನೆ: ತನ್ನದು ತಪ್ಪಾಯಿತು, ಕೇಳು, ಇದು ಲೆಕ್ಸ್‌ನ ಆಟ. ಅಷ್ಟರಲ್ಲಿ ನೆಲದಲ್ಲಿ ಹೂತಿದ್ದ ಶಬ್ದದ ಯಂತ್ರ ಕೂಗುತ್ತದೆ, ಅಡಗಿಸಿಟ್ಟ ಬಂದೂಕುಗಳು ಗುಂಡು ಹಾರಿಸುತ್ತವೆ. ಅವಕ್ಕೆಲ್ಲ ಅವನ ಮೈಮೇಲೆ ಗೀರು ಕೂಡ ಮೂಡದು. ಎದುರಿಗಿರುವವನು ಹೇಳಿದ್ದನ್ನು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದಾನೆ. ‘ನನ್ನ ಅಮ್ಮನನ್ನು ಹೊತ್ತೊಯ್ದಿದ್ದಾರೆ’ ಎನ್ನಲು ಎಷ್ಟು ಹೊತ್ತು ಬೇಕು? ಅವನು ಹೇಳುವುದಿಲ್ಲ. ಬದಲಿಗೆ ಬ್ಯಾಟ್‌ಮ್ಯಾನ್‌ನನ್ನು ಎತ್ತಿ ಎಸೆಯುತ್ತಾನೆ. ಯಾಕೆಂದರೆ ಹೇಳಿಬಿಟ್ಟರೆ ಹೊಡೆದಾಟ ಇಲ್ಲ, ಹೊಡೆದಾಟ ಇಲ್ಲದಿದ್ದರೆ ಭಿತ್ತಿಪತ್ರದ ಮೇಲಿನ ಚಿತ್ರ ಇಲ್ಲ. ಪಾತ್ರಕ್ಕೆ ಬಾಯಿ ಮುಚ್ಚಲು ಕಾರಣ ಇಲ್ಲ, ಬರೆದವರಿಗೆ ಇದೆ. ಪ್ರೇಕ್ಷಕನ ಮೂಗಿಗೆ ಈ ವಾಸನೆ ತಕ್ಷಣ ಬಡಿಯುತ್ತದೆ.

ಕೊನೆಗೆ ಸೋತು ಬಿದ್ದಾಗ ಅವನು ‘ಮಾರ್ಥಾಳನ್ನು ಉಳಿಸು’ ಎನ್ನುತ್ತಾನೆ. ಮಗ ಸಾಯುವ ಹೊತ್ತಿನಲ್ಲಿ ತಾಯಿಯನ್ನು ಹೆಸರು ಹಿಡಿದು ಕರೆಯುತ್ತಾನೆಯೇ? ಇದು ನಮ್ಮವರಿಗೆ ಮಾತ್ರ ಅಡ್ಡ ಬಂದ ಪ್ರಶ್ನೆಯಲ್ಲ, ಅಮೆರಿಕದ ಪ್ರೇಕ್ಷಕರೂ ಇದನ್ನೇ ಕೇಳಿದರು. ಈ ಕ್ಲಾರ್ಕ್ ಕೆಂಟ್, ಅಂದರೆ ಸೂಪರ್‌ಮ್ಯಾನ್, ತಾಯಿಯನ್ನು ಅಮ್ಮ ಎಂದು ಕರೆಯುವ ಹುಡುಗನೇ. ಬ್ಯಾಟ್‌ಮ್ಯಾನ್‌ನ ಕಿವಿಗೆ ಆ ಹೆಸರು ಬೀಳಬೇಕಿತ್ತು, ಅದಕ್ಕಾಗಿ ಬರೆದವರು ಅದನ್ನು ಇವನ ಬಾಯಲ್ಲಿ ತುರುಕಿದರು.

ಚಿತ್ರದ ಪರವಾಗಿ ಮಾತನಾಡುವವರು ಒಂದು ಗಟ್ಟಿ ವಾದ ಮುಂದಿಡುತ್ತಾರೆ. ಚಿತ್ರ ಶುರುವಾಗುವುದೇ ಬ್ರೂಸ್‌ನ ತಂದೆತಾಯಿಯ ಕೊಲೆಯಿಂದ. ಸಾಯುತ್ತಿರುವ ತಂದೆಯ ಬಾಯಿಂದ ಬರುವ ಕೊನೆಯ ಮಾತು ಅದೇ ಹೆಸರು. ಅಷ್ಟು ಹೊತ್ತು ಸೂಪರ್‌ಮ್ಯಾನ್‌ನನ್ನು ಮನುಷ್ಯನೇ ಅಲ್ಲ, ಬೇರೆ ಗ್ರಹದ ಪಿಡುಗು ಎಂದು ನೋಡುತ್ತಿದ್ದ ಬ್ರೂಸ್‌ಗೆ ಇವನಿಗೂ ಒಬ್ಬ ತಾಯಿ ಇದ್ದಾಳೆ ಎಂದು ಹೊಳೆಯುತ್ತದೆ. ಅಂದು ಆಯುಧ ಹಿಡಿದು ನಿಂತಿದ್ದ ಕೊಲೆಗಾರನ ಜಾಗದಲ್ಲಿ ಇಂದು ತಾನೇ ನಿಂತಿದ್ದೇನೆ ಎಂದು ಅರಿವಾಗುತ್ತದೆ. ಕಾಗದದ ಮೇಲೆ ಇದು ಸೊಗಸಾದ ಯೋಚನೆ. ಕೆಟ್ಟಿರುವುದು ಯೋಚನೆಯಲ್ಲ, ಅಲ್ಲಿಗೆ ಹೋಗುವ ದಾರಿ. ಬಿದ್ದವನು ‘ಅಮ್ಮ’ ಎಂದಿದ್ದರೆ, ಬ್ರೂಸ್ ಒಂದು ಕ್ಷಣ ತಡೆದಿದ್ದರೆ, ಓಡಿ ಬಂದ ಲೋಯಿಸ್ ಅವನ ತಾಯಿ ಮಾರ್ಥಾ ಸಾಯುವ ಅಪಾಯದಲ್ಲಿದ್ದಾಳೆ ಎಂದಿದ್ದರೆ, ಅದೇ ಹೆಸರು, ಅದೇ ಆಘಾತ, ಯಾರೂ ನಗುತ್ತಿರಲಿಲ್ಲ. ಲೋಯಿಸ್ ಹೇಗೂ ಅಲ್ಲಿಗೆ ಓಡಿ ಬರುತ್ತಾಳೆ, ಅದು ಅವನ ತಾಯಿಯ ಹೆಸರು ಎಂದು ಹೇಳುವವಳೂ ಅವಳೇ. ಸಾಮಗ್ರಿ ಎಲ್ಲ ದೃಶ್ಯದೊಳಗೇ ಇತ್ತು, ಜೋಡಿಸಿದ ಕ್ರಮ ತಪ್ಪಿತ್ತು. ಇನ್ನೊಂದು ತೊಂದರೆ ವೇಗದ್ದು. ಎರಡು ಗಂಟೆ ಕಾಲ ಬೆಳೆಸಿದ ದ್ವೇಷ ಒಂದು ಹೆಸರಿಗೆ ಕರಗಿ, ಮರುಕ್ಷಣವೇ ಬ್ಯಾಟ್‌ಮ್ಯಾನ್ ಆ ತಾಯಿಯನ್ನು ಉಳಿಸುವ ಭಾಷೆ ಕೊಡುತ್ತಾನೆ. ಅವನು ಈಟಿ ಎಸೆದು ಸುಮ್ಮನೆ ಕುಳಿತುಕೊಳ್ಳಲೂ ಚಿತ್ರ ಬಿಡುವು ಕೊಡುವುದಿಲ್ಲ.

ಆ ಈಟಿಯದೇ ಒಂದು ಉಪಕಥೆ ಇದೆ. ಅದು ಸೂಪರ್‌ಮ್ಯಾನ್‌ಗೆ ವಿಷವಾಗಿರುವ ಕ್ರಿಪ್ಟೊನೈಟ್ ಎಂಬ ಹಸಿರು ಖನಿಜದ್ದು. ಲೋಯಿಸ್ ಅದನ್ನು ಒಯ್ದು ನೀರಿಗೆ ಎಸೆಯುತ್ತಾಳೆ. ಸ್ವಲ್ಪ ಹೊತ್ತಿಗೆ ಡೂಮ್ಸ್‌ಡೇ ಎಂಬ ದೈತ್ಯನನ್ನು ಕೊಲ್ಲಲು ಅದೇ ಬೇಕು ಎಂದು ತಿಳಿದು ಮತ್ತೆ ನೀರಿಗೆ ಇಳಿಯುತ್ತಾಳೆ, ಮುಳುಗುವ ಹಂತಕ್ಕೆ ಬರುತ್ತಾಳೆ. ಸೂಪರ್‌ಮ್ಯಾನ್ ಹೋರಾಟದ ನಡುವಿನಿಂದ ಬಂದು ಅವಳನ್ನು ಎತ್ತಿ, ತಾನೇ ಈಟಿ ಹಿಡಿದು, ಶಕ್ತಿ ಕುಂದುತ್ತ ಕುಂದುತ್ತ ಹಾರಿ ಹೋಗಿ ದೈತ್ಯನಿಗೆ ಚುಚ್ಚಿ ತಾನೂ ಸಾಯುತ್ತಾನೆ. ಪಕ್ಕದಲ್ಲೇ ಮತ್ತೊಬ್ಬ ಅತಿಮಾನುಷ ಯೋಧೆ ವಂಡರ್ ವುಮನ್ ಇದ್ದಳು. ಅವಳಿಗೆ ಕ್ರಿಪ್ಟೊನೈಟ್ ಏನೂ ಮಾಡದು, ಈಟಿ ಕತ್ತಿ ಹಿಡಿಯುವುದು ಅವಳ ಕಸುಬೇ. ಅವಳು ದೈತ್ಯನನ್ನು ಹಗ್ಗದಿಂದ ಬಿಗಿಹಿಡಿದಿದ್ದಳು ಎನ್ನುವುದು ಸಮರ್ಥನೆ. ಕೈ ಬದಲಾಯಿಸಿಕೊಳ್ಳಬಹುದಿತ್ತು: ಹಗ್ಗ ಇವನಿಗೆ, ಈಟಿ ಅವಳಿಗೆ. ಆ ಪ್ರಯತ್ನ ಮಾಡಿ ವಿಫಲವಾದದ್ದನ್ನು ತೋರಿಸಲು ಒಂದು ಶಾಟ್ ಸಾಕಾಗಿತ್ತು. ಅದಿಲ್ಲದೆ ಒಬ್ಬ ಮಹಾನಾಯಕನ ಬಲಿದಾನ, ಬೇಡದ ಅವಸರದಲ್ಲಿ ಆದ ಅಪಘಾತದಂತೆ ಕಾಣುತ್ತದೆ.

ಮೂರನೆಯ ಜಾತಿ ಅಂಗಡಿಯವರು ಕೊರೆದ ತೂತು.

ಮಹಾಕಾಳಗಕ್ಕೆ ಎಲ್ಲ ಸಿದ್ಧ. ಬ್ಯಾಟ್‌ಮ್ಯಾನ್ ಕವಚ ತೊಟ್ಟಾಯಿತು. ಆಗ ಚಿತ್ರ ನಿಂತುಬಿಡುತ್ತದೆ. ವಂಡರ್ ವುಮನ್ ಲ್ಯಾಪ್‌ಟಾಪ್ ತೆರೆದು ಒಂದು ಇಮೇಲ್ ಓದುತ್ತಾಳೆ. ಅದರಲ್ಲಿ ಫ್ಲ್ಯಾಶ್, ಆಕ್ವಾಮ್ಯಾನ್, ಸೈಬೋರ್ಗ್ ಎಂಬ ಇನ್ನೂ ಮೂವರು ನಾಯಕರ ಚಿಕ್ಕ ಚಿಕ್ಕ ವಿಡಿಯೊಗಳಿವೆ. ಒಬ್ಬೊಬ್ಬರ ಕಡತದ ಮೇಲೂ ಅವರವರ ಲಾಂಛನ ಅಚ್ಚುಕಟ್ಟಾಗಿ ಕೂತಿದೆ. ಶತ್ರುಗಳ ಬಗ್ಗೆ ಗುಟ್ಟಾಗಿ ಮಾಹಿತಿ ಕಲೆಹಾಕುವ ಲೆಕ್ಸ್ ಲೂಥರ್ ಅವರಿಗೆ ಲೋಗೊ ಮಾಡಿಕೊಡುವಷ್ಟು ಬಿಡುವಾಗಿದ್ದನೇ? ಇದು ಮುಂಬರುವ ಚಿತ್ರಗಳ ಜಾಹೀರಾತು, ಕಥೆಯ ನಟ್ಟನಡುವೆ. ಬ್ರೂಸ್ ಕಾಣುವ ಮರುಭೂಮಿಯ ಕನಸು, ಅದರ ಬೆನ್ನಿಗೆ ಕಾಲದ ಬಾಗಿಲು ತೆರೆದು ಎಚ್ಚರಿಕೆ ಕೊಟ್ಟು ಮಾಯವಾಗುವ ಫ್ಲ್ಯಾಶ್, ಇವೂ ಈ ಚಿತ್ರದ ಯಾವ ಘಟನೆಗೂ ಕಾರಣವಾಗುವುದಿಲ್ಲ. ಮುಂದಿನ ಟಿಕೆಟ್‌ಗೆ ಕೊಟ್ಟ ಮುಂಗಡ ಅಷ್ಟೆ.

ಇದರ ಹಿಂದಿನ ವ್ಯವಹಾರ ಗುಟ್ಟೇನಲ್ಲ. 2013ರ ಜುಲೈನಲ್ಲಿ ಸ್ಯಾನ್ ಡಿಯೇಗೊ ಕಾಮಿಕ್-ಕಾನ್‌ನಲ್ಲಿ ಈ ಚಿತ್ರ ಘೋಷಣೆಯಾಯಿತು. ಮೊದಲು ಗೊತ್ತುಮಾಡಿದ ಬಿಡುಗಡೆ 2015ರ ಜುಲೈ. ಅದು 2016ರ ಮೇ 6ಕ್ಕೆ ಹೋಯಿತು. ಅದೇ ದಿನಕ್ಕೆ ಮಾರ್ವೆಲ್ ತನ್ನ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ ಚಿತ್ರವನ್ನು ಗೊತ್ತುಮಾಡಿದಾಗ ಈ ಚಿತ್ರದ ಸಂಸ್ಥೆ ವಾರ್ನರ್ ಬ್ರದರ್ಸ್ ಮಾರ್ಚ್ 25ಕ್ಕೆ ಸರಿಯಿತು. ನಡುವೆ, 2014ರ ಅಕ್ಟೋಬರ್‌ನಲ್ಲಿ, 2020ರವರೆಗಿನ ಹತ್ತು ಚಿತ್ರಗಳ ಪಟ್ಟಿಯನ್ನೇ ಸಂಸ್ಥೆ ಪ್ರಕಟಿಸಿಬಿಟ್ಟಿತ್ತು. ಹೀಗಾಗಿ ಒಂದೇ ಚಿತ್ರ ‘ಮ್ಯಾನ್ ಆಫ್ ಸ್ಟೀಲ್’ನ ಮುಂದುವರಿಕೆಯೂ ಆಗಬೇಕು, ಹೊಸ ಬ್ಯಾಟ್‌ಮ್ಯಾನ್‌ನ ಪರಿಚಯವೂ ಆಗಬೇಕು, ವಂಡರ್ ವುಮನ್ ಬರಬೇಕು, ಮುಂದಿನ ‘ಜಸ್ಟಿಸ್ ಲೀಗ್’ ಚಿತ್ರಕ್ಕೆ ಅಡಿಪಾಯ ಬೀಳಬೇಕು. ಒಂದು ಚಿತ್ರಕಥೆ ಹೊರುವ ಭಾರ ಅಲ್ಲ ಅದು.

ಸಾಲದ್ದಕ್ಕೆ ಎರಡು ಹೆಸರಾಂತ ಕಾಮಿಕ್ಸ್ ಕಥೆಗಳನ್ನು ಒಂದೇ ಪಾತ್ರೆಗೆ ಸುರಿದರು. ಲೋಹದ ಕವಚದ ಬ್ಯಾಟ್‌ಮ್ಯಾನ್ ಸೂಪರ್‌ಮ್ಯಾನ್‌ನನ್ನು ಹೊಡೆಯುವುದು 1986ರ ಫ್ರ್ಯಾಂಕ್ ಮಿಲ್ಲರ್ ಕೃತಿ ‘ದ ಡಾರ್ಕ್ ನೈಟ್ ರಿಟರ್ನ್ಸ್’ನಿಂದ ಬಂದದ್ದು. ಅಲ್ಲಿ ಹೊಡೆದಾಡುವವರು ಒಬ್ಬರನ್ನೊಬ್ಬರು ಬಹುಕಾಲದಿಂದ ಬಲ್ಲವರು. ಒಂದು ಕಾಲದ ಜೊತೆಗಾರರು ಬೇರೆ ಬೇರೆ ದಾರಿ ಹಿಡಿದದ್ದರ ನೋವು ಆ ಏಟುಗಳಲ್ಲಿದೆ. ಸ್ನೈಡರ್ ಚಿತ್ರದಲ್ಲಿ ಇಬ್ಬರೂ ಹೆಚ್ಚುಕಡಿಮೆ ಅಪರಿಚಿತರು. ಡೂಮ್ಸ್‌ಡೇ ಕೈಯಲ್ಲಿ ಸೂಪರ್‌ಮ್ಯಾನ್ ಸಾಯುವುದು 1992ರ ಕಾಮಿಕ್ಸ್ ಸರಣಿಯದು. ಆಗ ಅವನಿಗೆ 54 ವರ್ಷದ ಓದುಗರ ಬಳಗ ಇತ್ತು. ಈ ಚಿತ್ರಸರಣಿಯಲ್ಲಿ ಅವನು ಎರಡನೆಯ ಚಿತ್ರದಲ್ಲೇ ಸಾಯುತ್ತಾನೆ. ಮೇಲಾಗಿ ಕೊನೆಯ ಶಾಟ್‌ನಲ್ಲಿ ಶವಪೆಟ್ಟಿಗೆಯ ಮೇಲಿನ ಮಣ್ಣು ಅಲುಗಿ ಮೇಲೇಳುತ್ತದೆ. ಅಂದರೆ ಅಳಬೇಡಿ, ಬರುತ್ತಾನೆ! ಬಿಡುಗಡೆಯ ಪಟ್ಟಿ ನೋಡಿದ್ದವರಿಗೆ ಅದು ಮೊದಲೇ ಗೊತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎದುರುಪ್ರಶ್ನೆ ಬರಬೇಕು. ಜನ ಮೆಚ್ಚಿದ ಚಿತ್ರಗಳಲ್ಲಿ ತೂತುಗಳಿಲ್ಲವೇ?

ಬೇಕಾದಷ್ಟಿವೆ. 2008ರ ‘ದ ಡಾರ್ಕ್ ನೈಟ್’ ಚಿತ್ರದಲ್ಲಿ ಜೋಕರ್ ಔತಣಕೂಟಕ್ಕೆ ನುಗ್ಗಿ ಬ್ರೂಸ್‌ನ ಗೆಳತಿ ರೇಚಲ್‌ಳನ್ನು ಕಿಟಕಿಯಿಂದ ತಳ್ಳುತ್ತಾನೆ. ಬ್ಯಾಟ್‌ಮ್ಯಾನ್ ಹಾರಿ ಅವಳನ್ನು ಉಳಿಸುತ್ತಾನೆ. ದೃಶ್ಯ ಅಲ್ಲಿಗೇ ಮುಗಿಯುತ್ತದೆ. ಮೇಲೆ ಬಂದೂಕುಧಾರಿ ಜೋಕರ್, ಕೆಳಗೆ ಬ್ಯಾಟ್‌ಮ್ಯಾನ್. ಅತಿಥಿಗಳ ಗತಿ ಏನಾಯಿತು, ಜೋಕರ್ ಹೇಗೆ ಹೊರಟ, ಚಿತ್ರ ಹೇಳುವುದೇ ಇಲ್ಲ. ಅದರ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರದೇ 2012ರ ‘ದ ಡಾರ್ಕ್ ನೈಟ್ ರೈಸಸ್’ ಇನ್ನೂ ಮೋಜಿನದು. ಬ್ರೂಸ್ ದೂರದೇಶದ ಪಾತಾಳದಂಥ ಸೆರೆಮನೆಯಿಂದ ಹತ್ತಿ ಹೊರಬರುತ್ತಾನೆ. ಅವನು ಹೊರಬಂದಾಗ ಹಿನ್ನೆಲೆಯಲ್ಲಿ ಕಾಣುವುದು ನಮ್ಮ ಜೋಧಪುರದ ಮೆಹರಾನ್‌ಗಢ ಕೋಟೆ. ಜೇಬಿನಲ್ಲಿ ಕಾಸಿಲ್ಲ, ಪಾಸ್‌ಪೋರ್ಟ್ ಇಲ್ಲ, ಗಾಥಮ್ ನಗರಕ್ಕೆ ಹೋಗುವ ಸೇತುವೆಗಳನ್ನು ಶತ್ರು ಉಡಾಯಿಸಿದ್ದಾನೆ. ಮುಂದೆ ಅವನು ಗಾಥಮ್‌ನಲ್ಲೇ ಪ್ರತ್ಯಕ್ಷ. 1978ರ ‘ಸೂಪರ್‌ಮ್ಯಾನ್’ನಲ್ಲಿ ಕ್ರಿಸ್ಟೋಫರ್ ರೀವ್ ಭೂಮಿಯ ಸುತ್ತ ಹಾರಿ ಕಾಲವನ್ನೇ ಹಿಂದಕ್ಕೆ ತಿರುಗಿಸಿ ಸತ್ತ ಲೋಯಿಸ್‌ಳನ್ನು ಬದುಕಿಸುತ್ತಾನೆ. ಹಾಗೆ ಮಾಡಬಲ್ಲವನಿಗೆ ಇನ್ನು ಮುಂದೆ ಯಾವ ಸೋಲೂ ಸೋಲಲ್ಲ. ಆ ಮುಕ್ತಾಯ ಮೂಲತಃ ಎರಡನೆಯ ಚಿತ್ರಕ್ಕೆಂದು ಯೋಚಿಸಿದ್ದು, ಮೊದಲನೆಯದಕ್ಕೆ ತಂದು ಜೋಡಿಸಿದ್ದು. ಆದರೂ ಜನ ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. ಮಣ್ಣಿನಡಿಯಿಂದ ಲೋಯಿಸ್‌ಳ ದೇಹ ಎತ್ತಿದ ರೀವ್ ಮುಖದ ಸಂಕಟವನ್ನು ನೋಡಿದವರಿಗೆ, ಈ ಮನುಷ್ಯ ತಂದೆಯ ಆಜ್ಞೆ ಮುರಿದಾದರೂ ಏನಾದರೂ ಮಾಡಿಯೇ ತೀರುತ್ತಾನೆ ಅನ್ನಿಸುತ್ತದೆ. ಕಾಲ ಹಿಂದೆ ತಿರುಗುವುದು ಹೇಗೆ ಎಂಬ ಪ್ರಶ್ನೆ ಮನೆಗೆ ಹೋದ ಮೇಲೆ ಬರುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಹೋಲಿಕೆ ಆ ಮೇ 6ರ ಪೈಪೋಟಿಗಾರನದೇ. ‘ಸಿವಿಲ್ ವಾರ್’ ಕಥೆಯೂ ನಾಯಕರ ನಡುವೆ ಜಗಳ ಹಚ್ಚುವ ಖಳನದು, ಅದರ ತುದಿಯಲ್ಲೂ ಒಬ್ಬ ತಾಯಿ ಇದ್ದಾಳೆ. ಖಳ ಜೀಮೊನ ಯೋಜನೆಯನ್ನು ಹಾಳೆಯ ಮೇಲೆ ಬರೆದು ನೋಡಿದರೆ ಲೆಕ್ಸ್‌ನದಕ್ಕಿಂತ ಗಟ್ಟಿಯೇನಲ್ಲ. ವಿಯೆನ್ನಾದಲ್ಲಿ ಬಾಂಬ್ ಸಿಡಿಯಬೇಕು, ನಾಯಕ ಸ್ಟೀವ್ ರಾಜರ್ಸ್‌ನ ಗೆಳೆಯ ಬಕಿ ಬಾರ್ನ್ಸ್ ಮೇಲೆ ಅಪವಾದ ಬರಬೇಕು, ಅವನು ಸಿಕ್ಕಿಬೀಳಬೇಕು, ಮನೋವೈದ್ಯನ ವೇಷದಲ್ಲಿ ತಾನು ಅವನ ಬಳಿ ತಲುಪಬೇಕು, ಕೊನೆಗೆ ಇನ್ನೊಬ್ಬ ನಾಯಕ ಟೋನಿ ಸ್ಟಾರ್ಕ್, ಸ್ಟೀವ್, ಬಕಿ ಮೂವರೂ ಸೈಬೀರಿಯದ ಒಂದೇ ನೆಲಮಾಳಿಗೆಗೆ ಒಂದೇ ಹೊತ್ತಿಗೆ ಬರಬೇಕು. ಒಂದು ಕೊಂಡಿ ಕಳಚಿದರೂ ಎಲ್ಲ ಮುಗಿಯಿತು. ಆದರೆ ಅಲ್ಲಿ ಜೀಮೊ ಒಂದು ಹಳೆಯ ವಿಡಿಯೊ ಹಾಕುತ್ತಾನೆ. 1991ರ ಡಿಸೆಂಬರ್ 16ರ ರಾತ್ರಿ, ಬಕಿ ಟೋನಿಯ ತಂದೆತಾಯಿಯನ್ನು ಕೊಂದದ್ದು ಅದರಲ್ಲಿದೆ. ಟೋನಿ ನೋಡುತ್ತಾನೆ. ನಿನಗೆ ಗೊತ್ತಿತ್ತೇ ಎಂದು ಸ್ಟೀವ್‌ನನ್ನು ಕೇಳುತ್ತಾನೆ. ಗೊತ್ತಿತ್ತು. ಹೊಡೆದಾಟ ಶುರುವಾಗುತ್ತದೆ.

ಅಲ್ಲಿ ಯಾರೂ ನಗಲಿಲ್ಲ. ಕಾರಣ ಮೂವರಿಗೂ ಇದೆ, ಆ ಕಾರಣಗಳೆಲ್ಲ ಪ್ರೇಕ್ಷಕನ ಕಣ್ಣೆದುರಿಗಿವೆ. ಟೋನಿ ಸಿಟ್ಟಾಗದಿದ್ದರೆ ಅವನು ಮಗನಲ್ಲ. ಬಕಿಯ ಬುದ್ಧಿ ಆಗ ಅವನ ವಶದಲ್ಲಿರಲಿಲ್ಲ. ಸ್ಟೀವ್ ಗೆಳೆಯನನ್ನು ಬಿಟ್ಟುಕೊಡಲಾರ, ಸತ್ಯವನ್ನು ಮುಚ್ಚಿಟ್ಟ ತಪ್ಪೂ ಅವನದೇ. ಒಂದು ಮಾತು ಆಡಿದ್ದರೆ ಜಗಳ ತಪ್ಪುತ್ತಿತ್ತು ಎನ್ನುವಂತಿಲ್ಲ, ಆ ಒಂದು ಮಾತು ಆಡಿದ್ದರಿಂದಲೇ ಜಗಳ ಹುಟ್ಟಿತು. ಕ್ರಿಸ್ಟೋಫರ್ ಮಾರ್ಕಸ್ ಮತ್ತು ಸ್ಟೀಫನ್ ಮೆಕ್‌ಫೀಲಿ ಬರೆದ ಈ ಚಿತ್ರದಲ್ಲಿ ತೂತುಗಳೆಲ್ಲ ಖಳನ ವೇಳಾಪಟ್ಟಿಯಲ್ಲಿವೆ. ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ನಲ್ಲಿ ಅವು ನಾಯಕರ ಎದೆಯಲ್ಲಿವೆ. ವೇಳಾಪಟ್ಟಿಯ ತೂತನ್ನು ಪ್ರೇಕ್ಷಕ ದಾಟಿಕೊಂಡು ಹೋಗುತ್ತಾನೆ, ಇನ್ನೊಂದರಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2017ರಲ್ಲಿ ‘ಜಸ್ಟಿಸ್ ಲೀಗ್’ ಬಂತು. ನಡುವೆ ಸ್ನೈಡರ್ ಹೊರನಡೆದಿದ್ದರು, ಉಳಿದದ್ದನ್ನು ಜಾಸ್ ವೀಡನ್ ಮುಗಿಸಿದ್ದರು. ಎರಡು ಗಂಟೆಗೆ ಇಳಿದಿದ್ದ ಆ ಪ್ರತಿಗೆ ಹಳೆಯ ದೂರುಗಳೇ ಮತ್ತೆ ಬಂದವು. ಅಭಿಮಾನಿಗಳ ಒತ್ತಾಯದ ಫಲವಾಗಿ 2021ರ ಮಾರ್ಚ್‌ನಲ್ಲಿ ಸ್ನೈಡರ್ ತಮ್ಮ ಪ್ರತಿಯನ್ನು ಹೊರತಂದರು, 242 ನಿಮಿಷದ್ದು. ಅದರಲ್ಲೂ ತೂತು ಹುಡುಕುವವರಿಗೆ ಕೆಲಸ ಇದೆ, ಬೇಡದ ಉದ್ದವೂ ಇದೆ. ಆದರೆ ಒಂದು ಪಾತ್ರವನ್ನು ಗಮನಿಸಬೇಕು. ಇಮೇಲ್‌ನ ಮೂರು ವಿಡಿಯೊಗಳಲ್ಲಿ ಒಂದರಲ್ಲಿ, ಕೆಲವು ಸೆಕೆಂಡು, ಅರ್ಧ ದೇಹ ಮಾತ್ರ ಉಳಿದ ಮಗನನ್ನು ಬದುಕಿಸಲು ಒದ್ದಾಡುವ ತಂದೆ ಕಾಣಿಸಿದ್ದನಲ್ಲ, ಆ ಮಗ ವಿಕ್ಟರ್ ಸ್ಟೋನ್, ಅಂದರೆ ಸೈಬೋರ್ಗ್. ನಾಲ್ಕು ಗಂಟೆಯ ಪ್ರತಿಯಲ್ಲಿ ಅವನು ಕಾಲೇಜಿನ ಫುಟ್‌ಬಾಲ್ ಆಟಗಾರ. ಪಂದ್ಯ ನೋಡಲು ತಂದೆ ಬರುವುದಿಲ್ಲ. ತಾಯಿ ಅಪಘಾತದಲ್ಲಿ ಸಾಯುತ್ತಾಳೆ. ತನ್ನನ್ನು ಯಂತ್ರ ಮಾಡಿ ಉಳಿಸಿದ ತಂದೆಯ ಮೇಲೆ ಅವನಿಗೆ ಸಿಟ್ಟು. ಆ ತಂದೆ ಮಗನ ಕಣ್ಣೆದುರೇ ಜೀವ ಕೊಡುತ್ತಾನೆ. ರೇ ಫಿಶರ್ ನಟಿಸಿದ ಈ ಪಾತ್ರವನ್ನು ಆ ಪ್ರತಿಯ ಜೀವಾಳ ಎಂದು ಹಲವು ವಿಮರ್ಶಕರು ಬರೆದರು. 2017ರ ಪ್ರತಿಯಲ್ಲಿ ಈ ಕಥೆಯ ಬಹುಪಾಲನ್ನು ಕತ್ತರಿಸಿ ತೆಗೆದಿದ್ದರು.